ಉದಕಮಂಡಲದಲ್ಲಿ ಬಿಡಾರ

ಬೇಸಗೆ ಬಂದಿತೆಂದರೆ ಮೈಸೂರು ಸೀಮೆಯ ಅನುಕೂಲಸ್ಥ ಕುಟುಂಬಗಳಿಗೆ ಉದಕಮಂಡಲದ ನೆನಪಾಗುವುದು ವಾಡಿಕೆ. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಘಟ್ಟವನ್ನೇರಿದವರನ್ನು ಅಲ್ಲಿ ಎಲ್ಲರಿಗಿಂತ ಮುಂಚೆ ಎದುರುಗೊಳ್ಳುವವನು, ಗಾಡಿಗೆ ಅಡ್ಡ ನಿಂತು "ರೂಮು ಬೇಕೇ ಸಾರ್?" ಎಂದು ಕೇಳುವ ದಲ್ಲಾಳಿ. ಈತನ ವ್ಯಾಪಾರವು ಯಾವುದರ ಬಲದಿಂದ ನಡೆಯುತ್ತಿರುವುದೆಂಬುದನ್ನು ವಾಚಕ ಮಹಾಶಯರು ವಿಚಾರಿಸಬೇಕೆಂದು ನಮ್ಮ ಬಿನ್ನಹ.

ಬಂಡೀಪುರದ ಕಾಡುದಾರಿಯು 2009ರಿಂದ ರಾತ್ರಿ 9 ಗಂಟೆಗೆ ಮುಚ್ಚಿ ಬೆಳಗ್ಗೆ 6ಕ್ಕೆ ತೆರೆಯುತ್ತದೆ. ವನ್ಯಮೃಗಗಳ ಪ್ರಾಣರಕ್ಷಣೆಗಾಗಿ ವಿಧಿಸಿದ ಈ ನಿಯಮವು ಸರ್ವಥಾ ನ್ಯಾಯವಾದುದು. ಅದನ್ನು ನಾವು ಆಕ್ಷೇಪಿಸತಕ್ಕವರಲ್ಲ. ಆದರೆ ಮುಸ್ಸಂಜೆಯ ಚಳಿಯಲ್ಲಿ ಹೆಂಡತಿ ಮಕ್ಕಳೊಡನೆ ಬೀದಿಯಲ್ಲಿ ನಿಂತ ಗೃಹಸ್ಥನು ಹಿಂದಿರುಗಲಾರನೆಂಬುದನ್ನು ದಲ್ಲಾಳಿಯು ಚೆನ್ನಾಗಿ ಬಲ್ಲನು. ಮಧ್ಯಾಹ್ನ ಒಂದು ಬಾಡಿಗೆಯಾಗಿದ್ದ ಕೋಣೆಗೆ ಕತ್ತಲಾದೊಡನೆ ಅದರ ಇಮ್ಮಡಿ, ಮುಮ್ಮಡಿ. ಚಿತ್ರದಲ್ಲಿ ಕೆರೆಯ ನೋಟವಿದ್ದ ಕಿಟಕಿಯನ್ನು ತೆರೆದರೆ ಪಕ್ಕದ ಮನೆಯ ನೀರಿನ ತೊಟ್ಟಿ! ಮುಂಗಡ ಕೊಟ್ಟು ಹೋದವನ ಗತಿಯೂ ಬಹಳ ಮೇಲೇನಲ್ಲ. "ಹಿಂದಿನವರು ಇನ್ನೂ ಖಾಲಿ ಮಾಡಿಲ್ಲ" ಎಂಬ ಉತ್ತರವನ್ನು ಕೇಳಿ, ಕೊಟ್ಟ ಕೋಣೆಯನ್ನೇ ಒಪ್ಪಿದವರು ನಮ್ಮ ಪರಿಚಿತರಲ್ಲಿ ಒಬ್ಬಿಬ್ಬರಲ್ಲ.

ಸರಕಾರವು ಸುಮ್ಮನಿದೆಯೆಂದು ಹೇಳುವಂತಿಲ್ಲ. ಮದರಾಸು ಹೈಕೋರ್ಟಿನ ಆಜ್ಞೆಯಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸು ಬೇಕಾಯಿತು. 2025ರ ಬೇಸಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳೆಂಬ ಮಿತಿಯೂ ಬಂದಿತು. ಗಾಡಿಗಳನ್ನು ಎಣಿಸಿದ್ದಾಯಿತು, ಹಾಸಿಗೆಗಳನ್ನು ಎಣಿಸಿದವರಾರು? ಗಾಡಿಗೆ ನಾಲ್ವರಂತೆ ಹಿಡಿದರೆ ಒಂದು ಶನಿವಾರಕ್ಕೆ 32,000 ಜನ. ಅವರಲ್ಲಿ ಅರ್ಧದಷ್ಟು ಮಂದಿ ಉದಕಮಂಡಲದಲ್ಲಿ ತಂಗಿದರೂ 16,000 ಹಾಸಿಗೆ. 2011ರ ಜನಗಣತಿಯಲ್ಲಿ ಆ ಊರಿನ ಒಟ್ಟು ಜನವೇ 88,000ಕ್ಕೆ ತುಸು ಹೆಚ್ಚು.

"ಹಾಗಾದರೆ ಇನ್ನಷ್ಟು ಹೋಟೆಲುಗಳನ್ನು ಕಟ್ಟಲಿ" ಎನ್ನುವವರುಂಟು. ಎಲ್ಲಿ ಕಟ್ಟುವುದು? 2009ರ ನವೆಂಬರಿನಲ್ಲಿ ನೀಲಗಿರಿಯ ಇಳಿಜಾರುಗಳು ಕುಸಿದು 40ಕ್ಕೂ ಮಿಕ್ಕಿ ಜನ ಮಡಿದರು. ಕೆಳಗೆ ಸೀಗೂರು ಪ್ರಸ್ಥಭೂಮಿಯಲ್ಲಿ ಆನೆಗಳ ಹಾದಿಗೆ ಅಡ್ಡಲಾಗಿ ಎದ್ದ ವಸತಿಗೃಹಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟು ಬೀಗ ಹಾಕಿಸಿತು; 2020ರಲ್ಲಿ ಆ ಹಾದಿಯನ್ನು ಆನೆಗಳಿಗೇ ಉಳಿಸಿ ತೀರ್ಪಿತ್ತಿತು. ಸಲ್ಲಿವನ್ ದೊರೆಯು 1822ರಲ್ಲಿ ಕಲ್ಲುಮನೆಗೆ ಕೈಹಾಕಿದ ಕಾಲದಿಂದ ಅದು ಸ್ವಂತ ಬಂಗಲೆಯುಳ್ಳವರ ಊರಾಗಿ ಬೆಳೆಯಿತು. ನಮ್ಮ ಮೈಸೂರು ಮಹಾರಾಜರಿಗೂ ಅಲ್ಲಿ ಅರಮನೆಯುಂಟು. 1908ರಲ್ಲಿ ರೈಲು ಮೇಲಕ್ಕೆ ಮುಟ್ಟಿತು. ಆಮೇಲೆ ಮೋಟಾರು ಹೆಚ್ಚಿತು. ಬಂಗಲೆಯಿಲ್ಲದ ನಮ್ಮಂತಹವರು ತಂಡತಂಡವಾಗಿ ಏರತೊಡಗಿದೆವು. ಬೆಟ್ಟವು ಮಾತ್ರ ಹಿಗ್ಗಲಿಲ್ಲ.

ತಿರುಮಲೆಯೂ ಬೆಟ್ಟವೇ, ಜನಸಂದಣಿ ಅಲ್ಲಿಯೂ ಉಂಟು. ಆದರೂ ದೇವಸ್ಥಾನದ ವಸತಿಗಳಲ್ಲಿ ಕೋಣೆಯ ಬಾಡಿಗೆ ಮೊದಲೇ ಗೊತ್ತು, ಸರದಿ ಬಂದವನಿಗೆ ಬೀಗದ ಕೈ. ದೇವರ ಬೆಟ್ಟದಲ್ಲಿ ಸಾಧ್ಯವಾದುದು ವಿಹಾರದ ಬೆಟ್ಟದಲ್ಲಿ ಏಕೆ ಅಸಾಧ್ಯವೋ ನಾವರಿಯೆವು. ತಂಗಬಯಸುವವನಿಗೆ ಕೊಡುವ ಪಾಸು ನೋಂದಾಯಿತ ಕೋಣೆಯೊಂದಕ್ಕೆ ಗಂಟುಬೀಳಲಿ. ಬಾಡಿಗೆ ಪಾಸಿನ ಮೇಲೆಯೇ ಅಚ್ಚಾಗಲಿ. ಬೆಳಗ್ಗೆ ಹೋಗಿ ಸಂಜೆಗೆ ಇಳಿಯುವವನಿಗೆ ಬೇರೆ ಪಾಸಿರಲಿ.

ನಮ್ಮವರಿಗೂ ಒಂದು ಮಾತು. ಮಕ್ಕಳ ರಜೆ ಮೇ ತಿಂಗಳಲ್ಲಿಯೇ ಇರುವುದು ನಿಜ. ಆದರೆ ಮಕ್ಕಳಿಲ್ಲದ ನಿವೃತ್ತ ದಂಪತಿಗಳೂ ಅದೇ ವಾರವನ್ನೇ ಆರಿಸುವುದೇಕೆ? ಬಾಡಿಗೆಯನ್ನು ಬರಹದಲ್ಲಿ ಪಡೆಯದೆ ಹೊರಡುವುದೇಕೆ? ಇದಕ್ಕೆ ಗಡಿಯ ಕೆಕ್ಕನಹಳ್ಳದ ಠಾಣೆಯಲ್ಲಿ ಅಂದಂದಿನ ಖಾಲಿ ಹಾಸಿಗೆಗಳ ಸಂಖ್ಯೆಯನ್ನೂ ಬಾಡಿಗೆಯನ್ನೂ ಕನ್ನಡ, ತಮಿಳು, ಮಲಯಾಳಗಳಲ್ಲಿ ಬರೆದು ತೂಗುಹಾಕತಕ್ಕದ್ದು. ಅದೇ ಹಲಗೆ ಗುಂಡ್ಲುಪೇಟೆಯಲ್ಲಿಯೂ ಇದ್ದರೆ, ಕೋಣೆ ಸಿಕ್ಕದವನು ಕಾಡನ್ನು ಹೊಗುವ ಮೊದಲೇ ಅಲ್ಲಿಯೇ ರಾತ್ರಿ ಕಳೆಯಬಹುದು.