ಚೀಟಿಯ ಅಂಕಿ ನಂಬುವ ಮುನ್ನ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಜ್ವರ ಬಂತು, ಊಟ ಸೇರದಾಯಿತು. ರಕ್ತಪರೀಕ್ಷೆಯ ಚೀಟಿಯಲ್ಲಿ ಎಸ್‌ಜಿಪಿಟಿ 38 ಎಂದಿತ್ತು; ‘40ರವರೆಗೆ ಸರಿ’ ಎಂದು ಪಕ್ಕದಲ್ಲೇ ಅಚ್ಚಾಗಿತ್ತು. ನಾವು ನಿಶ್ಚಿಂತರಾದೆವು. ಡಾಕ್ಟರರು ಒಪ್ಪಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿಸಿದರೆ 600! ವೈರಸ್ಸಿನ ಕಾಮಾಲೆ.

ಈ ಸೋಂಕಿನಲ್ಲಿ ಯಕೃತ್ತಿನ ಕಣಗಳು ಘಾಸಿಗೊಂಡು ಅವುಗಳ ಕಿಣ್ವ ರಕ್ತಕ್ಕೆ ಸೋರುತ್ತದೆ. ಆರೋಗ್ಯವಂತ ಗಂಡಸರಿಗೆ ಅದರ ಮೇಲ್ಮಿತಿ 33, ಹೆಂಗಸರಿಗೆ 25 ಎಂದು ಅಮೆರಿಕದ ಜಠರ-ಕರುಳು ತಜ್ಞರ ಸಂಸ್ಥೆ 2017ರಲ್ಲಿ ಹೇಳಿದೆ. ಮುಪ್ಪಿನಲ್ಲಿ ಈ ಅಂಕಿ ತಾನಾಗಿಯೇ ತಗ್ಗುವುದರಿಂದ, ಅರವತ್ತು ದಾಟಿದ ನಾವೂ ಕಡಿಮೆ ಅಂಕಿ ಕಂಡು ಮೈಮರೆಯಬಾರದು.

ಚಿನ್ನ ತೂಗುವ ತಕ್ಕಡಿಯಲ್ಲಿ ಜೋಳ ತೂಗುವುದುಂಟೆ? ಅಂಕಿಯನ್ನು ನಾವೇ ಓದಿ ಸುಮ್ಮನಾಗದೆ, ಚೀಟಿಯನ್ನು ಡಾಕ್ಟರರಿಗೆ ತೋರಿಸೋಣ.