ಬಾಡಿಗೆ ಮೋಟಾರಿನ ವಿಮೆ ಯಾರಿಗೆ?

ಎಕಂಬಾದಂಥ ಗಡಿ ಹಳ್ಳಿಯಿಂದ ಮದುವೆಗೋ ಆಸ್ಪತ್ರೆಗೋ ಬೀದರಿಗೆ, ಉದಗೀರಕ್ಕೆ ಹೊರಟವರು ಬಾಡಿಗೆ ಮೋಟಾರಿನ ದರಕ್ಕಾಗಿ ತಾಸುಗಟ್ಟಲೆ ಚೌಕಾಸಿ ಮಾಡುತ್ತಾರೆ. ವಿಮೆಯ ಕಾಗದ ಕೇಳುವವರು ವಿರಳ. ಕೇಳಿದರೂ "ಇನ್ಶೂರೆನ್ಸ್ ಇದೆ" ಎಂಬ ಮಾಲಕರ ಉತ್ತರಕ್ಕೆ ತೃಪ್ತರಾಗುತ್ತಾರೆ. ಯಾವ ವಿಮೆ, ಯಾರ ರಕ್ಷಣೆಗೆ, ಎಂಬುದು ನಮ್ಮ ಪ್ರಶ್ನೆ.

1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಮೂರನೆಯವರ ವಿಮೆಯನ್ನು. ಅದು ಗಾಡಿಗೆ ಸಿಕ್ಕ ದಾರಿಹೋಕನ ಪಾಲಿನದು. ಗಾಡಿ ಜಖಂ ಆದರೆ ಅದರಿಂದ ಚಿಕ್ಕಾಸೂ ಬಾರದು. ಬಿಳಿ ಪ್ಲೇಟಿನ ಖಾಸಗಿ ಕಾರಿಗೆ ಅಷ್ಟೇ ಇದ್ದರೆ ಒಳಗೆ ಕುಳಿತವರಿಗೂ ರಕ್ಷಣೆಯಿಲ್ಲ. ಪೂರ್ಣ ವಿಮೆಯಿದ್ದರೂ, ಬಾಡಿಗೆಗೆ ಓಡಿಸಬಾರದೆಂಬ ಷರತ್ತನ್ನು ತೋರಿಸಿ ಕಂಪನಿ ಪರಿಹಾರ ನಿರಾಕರಿಸಬಹುದು. ಇಂಥ ಕಾರಿಗೆ "ಇನ್ಶೂರೆನ್ಸ್ ಸೇರಿ" ಎಂದು ಕೊಟ್ಟ ಹೆಚ್ಚಿನ ಹಣ ಮಾಲಕನ ಜೇಬು ಸೇರಿತೆಂದೇ ತಿಳಿಯಬೇಕು!

ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿರುವ, ಗಿರಾಕಿಯೇ ನಡೆಸುವ ಪರವಾನಿಗೆಯ ಕಾರಿನ ಮಾತು ಬೇರೆ. ಜಖಂ ಆದರೆ ಗಿರಾಕಿ ತೆರಬೇಕಾದ ಮೊತ್ತ ಕರಾರಿನಲ್ಲಿರುತ್ತದೆ. ಅದು ತಿಂಗಳ ದುಡಿಮೆಯನ್ನು ನುಂಗುವಂತಿದ್ದರೆ ಹೆಚ್ಚುವರಿ ರಕ್ಷಣೆಗೆ ಹಣ ಕೊಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಕುಡಿದು ನಡೆಸಿದವನಿಗೆ ಅದೂ ದಕ್ಕದು.

ಮದುವೆಯ ಸುಗ್ಗಿಯಲ್ಲಿ ಬಾಡಿಗೆಗೆ ಓಡುವ ಬಿಳಿ ಪ್ಲೇಟುಗಳು ಸಾರಿಗೆ ಅಧಿಕಾರಿಗಳ ಕಣ್ಣಿಗೆ ಬೀಳದ ವಸ್ತುವಲ್ಲ. ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬಂದರೆ ಅವುಗಳಲ್ಲಿ ಅರ್ಧ ನಿಂತೇ ಹೋಗುತ್ತವೆ.