ಹಳೆ ದೆವ್ವಕ್ಕೂ ಕನ್ನಡ ಅಕ್ಷರ ಬೇಕು

ಸೊಲ್ಲಾಪುರ, ಅಕ್ಕಲಕೋಟೆ ಕಡೆ ನೇಕಾರರ ಓಣಿಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ದೆವ್ವದ ಸಿನೆಮಾಗಳೂ ಹೀಗೇ ಗಡಿ ದಾಟಿ ಬಂದವು. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಕನ್ನಡದಲ್ಲಿ ‘ತುಳಸಿದಳ’ (1985) ಚಿತ್ರವಾಯಿತು. ನಮ್ಮ ‘ನಾ ನಿನ್ನ ಬಿಡಲಾರೆ’ (1979) ಹಿಂದಿಗೆ ಹೋಗಿ ‘ಮಂಗಳಸೂತ್ರ’ (1981) ಆಯಿತು. ಮಹೇಶ ಕೊಠಾರೆಯವರ ಮರಾಠಿ ‘ಝಪಾಟಲೇಲಾ’ (1993) ಚಿತ್ರದ ಬೊಂಬೆಯನ್ನು ಈ ಭಾಗದವರಿಗೆ ಪರಿಚಯಿಸಬೇಕಿಲ್ಲ.

ಆಗ ಟಾಕೀಜು, ಬಾಡಿಗೆ ವಿಸಿಆರ್. ಈಗ ಚಂದಾ ಕಟ್ಟಿದರೆ ಹಳೆ ಚಿತ್ರಗಳು ಮೊಬೈಲಿಗೇ ಬರ್ತಾವ. ಸಂತೋಷ. ಆದರೆ ಕೆಳಗೆ ಬರುವ ಅಕ್ಷರ ಬಹುತೇಕ ಇಂಗ್ಲಿಷಿನದು. ಕನ್ನಡ ಚಿತ್ರಕ್ಕೂ ಅದೇ ಗತಿ!

ಇಲ್ಲಿ ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್ ಓದುವ ಮಕ್ಕಳಿದ್ದಾರೆ. ಮಾತು ಬರ್ತದ, ಓದಲಿಕ್ಕೆ ಬರೋದಿಲ್ಲ. ಆಡಿದ ಮಾತೇ ಕೆಳಗೆ ಕನ್ನಡ ಅಕ್ಷರದಲ್ಲಿ ಮೂಡಿದರೆ, ದೆವ್ವ ನೋಡೋ ಆಸೆಗಾದರೂ ನಾಲ್ಕು ಅಕ್ಷರ ಕಲಿತಾರು. ಮಾತು ಉಳಿದು ಅಕ್ಷರ ಹೋದರೆ, ಮುಂದಿನ ತಲೆಮಾರಿಗೆ ಈ ಪತ್ರಿಕೆ ಓದುವವರು ಯಾರು?

ಚಂದಾ ಕಟ್ಟುವವರು ನಾವು. ವರ್ತಕ ಬಂಧುಗಳಿಗೆ ಗೊತ್ತಿದ್ದದ್ದೇ: ಗಿರಾಕಿ ಕೇಳದ ಮಾಲು ಅಂಗಡಿಗೆ ಬರೋದಿಲ್ಲ. ಎಲ್ಲರೂ ಕೂಡಿ ಕೇಳೋಣ.